ಕಾಫಿ ತೋಟದ ಮಣ್ಣಲ್ಲಿ ಸಿಕ್ಕ, ಫ್ಲಜೆಲ್ಲಾ ಇಲ್ದೆ ಜಾರೋ ಬ್ಯಾಕ್ಟೀರಿಯಾ: ನನ್ನ ಅನುಭವ

ಬ್ಯಾಕ್ಟೀರಿಯಾ ಓಡಾಡೋದು ಅಂದ್ರೆ ಫ್ಲಜೆಲ್ಲಾ (ಬಾಲದ ತರದ ಎಳೆ) ತಿರುಗಿಸ್ಕೊಂಡು ನೀರಲ್ಲಿ ಈಜೋದು ಅಂತಲೇ ಪಾಠದಲ್ಲಿ ಜಾಸ್ತಿ ಬರುತ್ತೆ. ಮಿಕ್ಸೋಬ್ಯಾಕ್ಟೀರಿಯಾ ಅನ್ನೋ ಮಣ್ಣಿನ ಬ್ಯಾಕ್ಟೀರಿಯಾಗೆ ಅದು ಇಲ್ವೇ ಇಲ್ಲ, ಆದ್ರೂ ಗಟ್ಟಿ ಅಗಾರ್ (ಲ್ಯಾಬಲ್ಲಿ ಬ್ಯಾಕ್ಟೀರಿಯಾ ಬೆಳೆಸೋ ಜೆಲ್ಲಿ) ಮೇಲೆ ಜಾರ್ಕೊಂಡು ಹೋಗುತ್ತೆ. ಇದೇ ಗ್ಲೈಡಿಂಗ್. ಹಾಸನದ ಯಾವುದೇ ಕಾಲೇಜ್ ಲ್ಯಾಬಲ್ಲಿರೋ ಮೈಕ್ರೋಸ್ಕೋಪು, ಒಂದು ಮೊಬೈಲು ಇದ್ರೆ ನೋಡ್ಬಹುದು.

ಮಣ್ಣು ತಂದಿದ್ದು ಸಕಲೇಶಪುರದ ಕಡೆ ಒಂದು ಕಾಫಿ ತೋಟದಿಂದ, ನೆರಳಿನ ಮರದ ಬುಡದಲ್ಲಿ ತರಗೆಲೆ ಕೊಳೆತು ಕಪ್ಪಾಗಿರುತ್ತಲ್ಲ ಅದು. ಪೆಟ್ರಿ ಡಿಶ್‌ನಲ್ಲಿ ಫಿಲ್ಟರ್ ಪೇಪರ್ ಹಾಸಿ ಮಣ್ಣು ಹರಡಿ ನೀರು ಚಿಮುಕಿಸಿ, ಆಟೋಕ್ಲೇವ್ ಮಾಡಿದ (ಒತ್ತಡದ ಹಬೇಲಿ ಸೂಕ್ಷ್ಮಾಣು ಸಾಯಿಸಿದ) ಕುರಿ ಹಿಕ್ಕೆ ಅರ್ಧ ಮುಳುಗೋ ಹಾಗೆ ಇಟ್ಟೆ. ಹಿಕ್ಕೆ ಮೇಲೆ ಬೇರೆ ಬ್ಯಾಕ್ಟೀರಿಯಾ ಬೆಳೀತವೆ, ಮಿಕ್ಸೋಬ್ಯಾಕ್ಟೀರಿಯಾ ಬಂದು ಅವನ್ನ ತಿಂತವೆ, ತಿನ್ನೋಕೆ ಖಾಲಿ ಆದ್ಮೇಲೆ ಲಕ್ಷದಷ್ಟು ಸೆಲ್ಲುಗಳು ಒಂದೇ ಕಡೆ ಗುಡ್ಡೆ ಬಿದ್ದು ಫ್ರೂಟಿಂಗ್ ಬಾಡಿ (ಬೀಜಕಣ ಇರೋ ಗುಂಡು) ಕಟ್ತವೆ. ಒಂದೆರಡು ವಾರದಲ್ಲಿ ಲೆನ್ಸ್ ಹಿಡಿದು ನೋಡಿದ್ರೆ ಹಿಕ್ಕೆ ಮೇಲೆ ಕಿತ್ತಳೆ ಬಣ್ಣದ ಸಣ್ಣ ಸಣ್ಣ ಗುಂಡು! ಫಂಗಸ್ ಮುತ್ಕೊಳ್ಳೋಕೆ ಮುಂಚೆ ಅದನ್ನ ಸ್ಟೆರೈಲ್ ಸೂಜೀಲಿ ಎತ್ತಿ, ಬರೀ ವಾಟರ್ ಅಗಾರ್ ಮೇಲೆ ತಿನ್ನೋಕೆ ಅಂತ ಇ. ಕೋಲೈ ಬ್ಯಾಕ್ಟೀರಿಯಾ ಹಚ್ಚಿ ಅದರ ಮೇಲೆ ಇಡ್ಬೇಕು. ಸುತ್ತ ತೆಳ್ಳಗೆ ಪೊರೆ ತರ ಹರಡುತ್ತೆ, ಅದರ ಅಂಚನ್ನ ಮಾತ್ರ ಕತ್ತರಿಸಿ ಹೊಸ ಪ್ಲೇಟ್‌ಗೆ ಹಾಕ್ತಾ ಹೋದ್ರೆ ಕಲ್ಚರ್ ಶುದ್ಧ ಆಗುತ್ತೆ, ಯಾಕಂದ್ರೆ ಮುಂದೆ ಮುಂದೆ ಹೋಗೋದು ಇವೇ, ಜೊತೆಗಿರೋ ಕಸ ಹಿಂದೇನೇ ಉಳಿಯುತ್ತೆ.

ನೋಡೋಕೆ ಸ್ಲೈಡ್ ಮೇಲೆ 1.5% ಅಗಾರ್ ತೆಳ್ಳಗೆ ಹುಯ್ದು, ಒಂದು ಹನಿ ಕಲ್ಚರ್ ಇಟ್ಟು, ಅದು ಹೀರ್ಕೊಂಡ ಮೇಲೆ ಕವರ್ ಸ್ಲಿಪ್ ಮುಚ್ಚಿ ಸುತ್ತ ವ್ಯಾಸಲೀನ್ ಹಚ್ಚಿದೆ. ಫೇಸ್ ಕಾಂಟ್ರಾಸ್ಟ್ (ಬಣ್ಣ ಹಾಕದ ಸೆಲ್ಲನ್ನೂ ಎದ್ದು ಕಾಣಿಸೋ ವ್ಯವಸ್ಥೆ) ಇಲ್ದೇ ಇದ್ರೆ ಕಂಡೆನ್ಸರ್ ಡಯಾಫ್ರಮ್ (ಕೆಳಗಿಂದ ಬರೋ ಬೆಳಕಿನ ಕಿಂಡಿ) ಸಾಕಷ್ಟು ಮುಚ್ಚಿ, ಸೆಲ್ಲಿನ ಅಂಚು ಕಾಣುತ್ತೆ. ಬರೀ ಕಣ್ಣಿಟ್ಟು ಕೂತ್ರೆ ಏನೂ ಅಲ್ಲಾಡ್ತಿಲ್ಲ ಅನ್ಸುತ್ತೆ, ಮಿಕ್ಸೋಕಾಕಸ್ ಝಾಂಥಸ್ ತರದ್ದು ನಿಮಿಷಕ್ಕೆ 2ರಿಂದ 4 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ) ಅಷ್ಟೇ ಹೋಗೋದು, ತನ್ನ ಮೈ ಉದ್ದ ದಾಟೋಕೇ ಒಂದೆರಡು ನಿಮಿಷ ಬೇಕು. ಹಾಗಾಗಿ ಐಪೀಸ್‌ಗೆ ಮೊಬೈಲ್ ಕಟ್ಟಿ 30 ಸೆಕೆಂಡಿಗೊಂದು ಫೋಟೋ ತೆಗೆದು ಜೋಡಿಸಿ. ಆಗ ಕಾಣೋದು ನಿಜಕ್ಕೂ ಅದ್ಭುತ, ಕಡ್ಡಿ ತರ ಸೆಲ್ಲು ಬಾಗದೆ ಬಳುಕದೆ ಉದ್ದಕ್ಕೆ ಸರಿದು ಹೋಗುತ್ತೆ, ಹಿಂದೆ ಲೋಳೆಯ ಗೆರೆ, ಇನ್ನೊಂದು ಸೆಲ್ಲು ಬಂದು ಅದೇ ಗೆರೆ ಹಿಡಿಯುತ್ತೆ.

ಒಳಗಿನ ಮೋಟಾರು ಪ್ರೋಟಾನ್ ಹರಿವಿನಿಂದ ನಡಿಯುತ್ತೆ. ಸೆಲ್ಲಿನ ಮುಂದಿನ ತುದೀಲಿ ಪ್ರೋಟೀನ್ ಗುಂಪು ಸೇರಿ ನೆಲ ಕಚ್ಚುತ್ತೆ, ಕಚ್ಚಿದ ಜಾಗ ಅಲ್ಲೇ ಇರುತ್ತೆ, ಮೈ ಅದರ ಮೇಲೆ ಮುಂದೆ ಹೋಗುತ್ತೆ. ಇದು ಒಂಟಿಯಾಗಿ ಹೋಗೋ ಎ ಮೋಟಿಲಿಟಿ (ಚಲನೆ). ಗುಂಪಾಗಿ ಹೋಗೋ ಎಸ್ ಮೋಟಿಲಿಟಿಗೆ ಬೇರೇನೇ ವ್ಯವಸ್ಥೆ, ತುದಿಯ ಪಿಲೈ (ಕೂದಲಿನಂಥ ಎಳೆ) ಚಾಚಿ ಅಂಟಿಸಿ ಒಳಗೆ ಎಳ್ಕೊಳ್ಳೋದು. ಎರಡಕ್ಕೂ ಜೀನ್ ಬೇರೆ ಬೇರೆ ಅಂತ ವಿಜ್ಞಾನಿಗಳಾದ ಹಾಜ್ಕಿನ್ ಮತ್ತು ಕೈಸರ್ 1979ರಲ್ಲೇ ತೋರಿಸಿದ್ರು. ಪ್ಲೇಟಲ್ಲೇ ವ್ಯತ್ಯಾಸ ನೋಡ್ಬೇಕಂದ್ರೆ ಅದೇ ಕಲ್ಚರನ್ನ 0.5% ಅಗಾರ್ ಮೇಲೂ ಹಾಕಿ, ಅಲ್ಲಿ ಗುಂಪು ಗುಂಪಾಗೇ ಹರಡುತ್ತೆ, ಒಂಟಿ ಸೆಲ್ಲು ನೋಡೋಕೆ ಗಟ್ಟಿ ಅಗಾರ್‌ನ ಅಂಚೇ ಬೇಕು. ವಿಡಿಯೋದಲ್ಲಿ ಒಂದೇ ಸೆಲ್ಲನ್ನ ಹಿಂಬಾಲಿಸಿದ್ರೆ ಸುಮಾರು 8 ನಿಮಿಷಕ್ಕೊಮ್ಮೆ ನಿಂತು, ಮೈ ತಿರುಗಿಸದೇನೇ ಹಿಂದಿನ ತುದಿ ಮುಂದಾಗಿ ವಾಪಸ್ ಹೊರಡುತ್ತೆ, ಅದನ್ನ ಮಾತ್ರ ಮಿಸ್ ಮಾಡ್ಬೇಡಿ, ರೆಕಾರ್ಡಿಂಗ್ ಅರ್ಧ ಗಂಟೆಗಾದ್ರೂ ಇಡಿ.