ಹಳೆಯ ಚಾಳೂ ಉಳಿಯಬೇಕು, ಒಳಗಿರುವವರೂ ಉಳಿಯಬೇಕು: ಮುಂಬೈ ಬಾಡಿಗೆದಾರರಿಗೆ ಒಂದಿಷ್ಟು ದಾರಿ

ಗಿರ್ಗಾಂವ್, ಕಾಲ್ಬಾದೇವಿ, ಭುಲೇಶ್ವರ, ಫೋರ್ಟ್ ಕಡೆಯ ಹಳೆಯ ಚಾಳುಗಳಲ್ಲಿ (ಉದ್ದ ಗ್ಯಾಲರಿಗೆ ಸಾಲಾಗಿ ಪುಟ್ಟ ಮನೆಗಳಿರುವ ಕಟ್ಟಡಗಳಲ್ಲಿ) ಪಗಡಿ ಬಾಡಿಗೆಗೆ, ಅಂದರೆ ಮೊದಲೇ ದೊಡ್ಡ ಮೊತ್ತ ಕೊಟ್ಟು ಆಮೇಲೆ ಕಡಿಮೆ ಬಾಡಿಗೆ ಕಟ್ಟುವ ಪದ್ಧತಿಯಲ್ಲಿ ಇರುವ ನಮ್ಮ ಕನ್ನಡದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮರದ ಗ್ಯಾಲರಿ, ಹೆಂಚಿನ ಮಾಡು ಎಲ್ಲ ಉಳಿಯಬೇಕು ಅಂತ ಹೇಳುವವರು ತುಂಬ ಜನ ಇದ್ದಾರೆ. ಅಲ್ಲಿ ಬದುಕುವವರೇ ಬೊರಿವ್ಲಿ, ವಿರಾರ್ ಕಡೆ ಹೋಗಿಬಿಟ್ಟರೆ ಉಳಿಸಿ ಏನು ಪ್ರಯೋಜನ? ಅದಕ್ಕೇ ಮೊದಲು ಗೋಡೆ ನೋಡಬೇಡಿ, ಟ್ರಂಕು ತೆಗೆದು ಬಾಡಿಗೆ ರಸೀದಿ ಹುಡುಕಿ.

ನಮ್ಮಲ್ಲಿ ಎಷ್ಟೋ ಖೋಲಿಗಳ (ಚಾಳಿನ ಕೋಣೆಗಳ) ರಸೀದಿ ಇನ್ನೂ ತೀರಿಹೋದವರ ಹೆಸರಿನಲ್ಲೇ ಇದೆ. ಹೋಟೆಲ್ ಕೆಲಸಕ್ಕೆಂದು ಉಡುಪಿ ಕಡೆಯಿಂದ ಬಂದ ದೊಡ್ಡಪ್ಪ ಖೋಲಿ ಹಿಡಿದಿರುತ್ತಾರೆ, ಆಮೇಲೆ ಅವರ ತಮ್ಮ, ತಮ್ಮನ ಮಗ ಅಂತ ಕೈ ದಾಟುತ್ತಾ ಬರುತ್ತದೆ, ಹೆಸರು ಬದಲಾಯಿಸಲು ಯಾರೂ ಹೋಗಿರುವುದಿಲ್ಲ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ ಪ್ರಕಾರ, ಬಾಡಿಗೆದಾರರು ತೀರಿಕೊಂಡಾಗ ಅವರ ಜೊತೆ ಅದೇ ಮನೆಯಲ್ಲಿ ವಾಸವಿದ್ದ ಕುಟುಂಬದವರಿಗೆ ಹಕ್ಕು ಬರುತ್ತದೆ. ಜೊತೆಗಿದ್ದೆವು ಅಂತ ಬಾಯಲ್ಲಿ ಹೇಳಿದರೆ ಸಾಲದು. ಹಳೆಯ ರೇಷನ್ ಕಾರ್ಡ್, ಲೈಟ್ ಬಿಲ್, ಮಕ್ಕಳ ಶಾಲೆ ಸರ್ಟಿಫಿಕೇಟ್, ಮತದಾರರ ಪಟ್ಟಿ ಎಲ್ಲ ಒಂದು ಫೈಲಿನಲ್ಲಿ ಸೇರಿಸಿಡಿ. ಬಾಡಿಗೆ ತಗೊಂಡ ಮಾಲೀಕರು ರಸೀದಿ ಕೊಡಲೇಬೇಕು. ಸತಾಯಿಸಿದರೆ ದುಡ್ಡನ್ನು ಬ್ಯಾಂಕ್ ಮೂಲಕ ಕಳಿಸಿ, ದಾಖಲೆ ಉಳಿಯುತ್ತದೆ.

ಕಾಗದ ಸರಿಯಾದ ಮೇಲೆ ಕಟ್ಟಡದ ತಪಾಸಣೆ. 30 ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್ ಆಗಬೇಕು ಅಂತ ಪಾಲಿಕೆಯ ಕಾನೂನೇ ಇದೆ. ಇಲ್ಲೊಂದು ವಿಷಯ ಗಮನಿಸಿ. ನಮ್ಮ ಹಳೆಯ ಚಾಳುಗಳಲ್ಲಿ ಬಹುಪಾಲು ತೇಗದ ಕಂಬ, ತೇಗದ ತೊಲೆ, ನಡುವೆ ಇಟ್ಟಿಗೆ ಗೋಡೆ. ಕಾಂಕ್ರೀಟಿಗೆ ಸುತ್ತಿಗೆ ಬಡಿದು ನೋಡುವ ಪರೀಕ್ಷೆ ಇಲ್ಲಿ ಅಷ್ಟು ಉಪಯೋಗಕ್ಕೆ ಬರುವುದಿಲ್ಲ. ತೊಲೆಯ ತುದಿ ಗೋಡೆಯೊಳಗೆ ಹೋಗುವ ಜಾಗ ಕೊಳೆತಿದೆಯೇ, ಕಂಬದ ಬುಡಕ್ಕೆ ಗೆದ್ದಲು ಹತ್ತಿದೆಯೇ, ಸಾಮಾನ್ಯ ಸಂಡಾಸು ಇರುವ ಮೂಲೆ ಕುಸಿಯುತ್ತಿದೆಯೇ ಅಂತ ನೋಡಲು ಎಂಜಿನಿಯರಿಗೆ ಹೇಳಿ. ಹಳೆಯ ಮರದ ಕಟ್ಟಡದಲ್ಲಿ ಕೆಲಸ ಮಾಡಿದವರನ್ನೇ ಕರೆಯಿರಿ.

ವರದಿಯಲ್ಲಿ ಕಟ್ಟಡಕ್ಕೆ ಒಂದು ವರ್ಗ ಬರುತ್ತದೆ. ಸಿ-1 ಅಂದರೆ ಖಾಲಿ ಮಾಡಿ ಕೆಡವಬೇಕು. ಸಿ-2ಎ ಅಂದರೆ ಖಾಲಿ ಮಾಡಿ ದೊಡ್ಡ ರಿಪೇರಿ ಮಾಡಬೇಕು. ಸಿ-2ಬಿ ಅಂದರೆ ಒಳಗಿದ್ದುಕೊಂಡೇ ರಿಪೇರಿ ಸಾಧ್ಯ. ಸಿ-3 ಸಣ್ಣಪುಟ್ಟ ಕೆಲಸ. ಸಿ-1 ಅಂತ ಬಂದಾಗ ಸಂಶಯ ಇದ್ದರೆ ಇನ್ನೊಂದು ಆಡಿಟ್ ಮಾಡಿಸಿ. ಎರಡು ವರದಿ ಒಂದಕ್ಕೊಂದು ಹೊಂದದಿದ್ದರೆ ಪಾಲಿಕೆಯ ತಾಂತ್ರಿಕ ಸಲಹಾ ಸಮಿತಿ ನೋಡುತ್ತದೆ. ಆದರೆ ಅಪಾಯ ನಿಜವಾಗಿದ್ದರೆ ದಯವಿಟ್ಟು ಹಠ ಹಿಡಿಯಬೇಡಿ. 2017ರ ಆಗಸ್ಟ್ 31ರಂದು ಭೇಂಡಿ ಬಜಾರ್ ಹತ್ತಿರ ಹುಸೈನಿ ಕಟ್ಟಡ ಕುಸಿದು 30ಕ್ಕೂ ಹೆಚ್ಚು ಜನ ಸತ್ತರು. ಹೊರಡುವ ಮುಂಚೆ ನಿಮ್ಮ ಖೋಲಿಯ ಅಳತೆ, ನಿಮ್ಮ ಹೆಸರು ಪಾಲಿಕೆಯ ಕಾಗದದಲ್ಲಿ ಬರೆಸಿ ಪ್ರತಿ ತಗೊಳ್ಳಿ. ಟ್ರಾನ್ಸಿಟ್ ಕ್ಯಾಂಪಿಗೆ (ತಾತ್ಕಾಲಿಕ ವಸತಿಗೆ) ಅಂತ ಹೋಗಿ ದಶಕಗಟ್ಟಲೆ ಅಲ್ಲೇ ಉಳಿದುಹೋದ ಕುಟುಂಬಗಳು ಈ ಊರಿನಲ್ಲಿ ಎಷ್ಟೋ ಇವೆ, ಅವರ ಕಷ್ಟ ನೆನೆದರೆ ಈ ಒಂದು ಕಾಗದದ ಬೆಲೆ ಗೊತ್ತಾಗುತ್ತದೆ.

ಇನ್ನು ರಿಪೇರಿ. ಹಳೆಯ ಮನೆಗೆ ನೀರಿಗಿಂತ ದೊಡ್ಡ ಶತ್ರು ಇಲ್ಲ. ಮೇ ತಿಂಗಳಲ್ಲೇ ಮಾಡಿನ ನೀರು ಹರಿಯುವ ದೋಣಿ, ಇಳಿ ಪೈಪು ಸ್ವಚ್ಛ ಮಾಡಿಸಿ. ಗೋಡೆಯ ಸಂದಿಯಲ್ಲಿ ಅರಳಿ ಗಿಡ ಹುಟ್ಟಿದ್ದರೆ ಮೇಲಿಂದ ಕತ್ತರಿಸಿ ಸುಮ್ನಾಗಬೇಡಿ, ಬೇರು ಪೂರ್ತಿ ತೆಗೆದು ಸಂದಿ ಮುಚ್ಚಬೇಕು. ಒಡೆದ ಹೆಂಚಿನ ಮೇಲೆ ವರ್ಷಗಟ್ಟಲೆ ಟಾರ್ಪಾಲ್ ಹೊದೆಸಿ ಇಡುವ ಬದಲು ಹೆಂಚೇ ಹಾಕಿಸಿ. ಮಂಗಳೂರು ಹೆಂಚು ಅಲ್ವಾ, ನಮಗೆ ಸಿಗದೆ ಹೋಗುತ್ತದೆಯೇ? ಊರಲ್ಲಿ ಹಳೆ ಮನೆ ಬಿಚ್ಚಿ ಟೆರೇಸು ಹಾಕಿಸುವವರ ಹತ್ತಿರ ಒಳ್ಳೆಯ ಹೆಂಚು ರಾಶಿ ಬಿದ್ದಿರುತ್ತದೆ, ಮಾದರಿ ಹೊಂದುತ್ತದೆಯೇ ನೋಡಿಕೊಂಡು ತರಿಸಿ.

ಸಿಮೆಂಟ್ ವಿಷಯಕ್ಕೆ ಬರೋಣ, ಯಾಕೆಂದರೆ ಹೆಚ್ಚಿನ ಹಾನಿ ಇದರಿಂದಲೇ ಆಗುವುದನ್ನು ನೋಡಿದ್ದೇನೆ. ಹಳೆಯ ಗೋಡೆ ಸುಣ್ಣದ ಗಾರೆಯದು. ಅದು ತೇವ ಹೀರುತ್ತದೆ, ಆಮೇಲೆ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಮೆತ್ತಿದರೆ ಸೆಕೆಯಲ್ಲಿ ರೇನ್‌ಕೋಟ್ ಹಾಕಿಕೊಂಡ ಹಾಗೆ, ತೇವ ಒಳಗೇ ನಿಲ್ಲುತ್ತದೆ. ಉಪ್ಪು ಕಾರುತ್ತದೆ, ಇಟ್ಟಿಗೆ ಪುಡಿಯಾಗುತ್ತದೆ, ಗೋಡೆಯೊಳಗಿನ ತೊಲೆ ಕೊಳೆಯುತ್ತದೆ. ಎರಡು ಮಳೆಗಾಲ ಚೆನ್ನಾಗಿ ಕಾಣುತ್ತದೆ, ಆಮೇಲೆ ಚಕ್ಕೆಚಕ್ಕೆಯಾಗಿ ಉದುರುತ್ತದೆ. ಸುಣ್ಣದ ಗಾರೆಯನ್ನೇ ಹಾಕಿಸಿ, ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು ಸಾಮಾನ್ಯ ಲೆಕ್ಕ. ಸುಣ್ಣವನ್ನು ಮೊದಲೇ ನೀರಿನಲ್ಲಿ ನೆನೆಹಾಕಿಡಬೇಕು, ಮೆತ್ತಿದ ಮೇಲೆ ಕೆಲವು ದಿನ ಒಣಗಲು ಬಿಡದೆ ನೀರು ಚಿಮುಕಿಸುತ್ತಿರಬೇಕು. ಜೋರು ಮಳೆಯಲ್ಲಿ ಈ ಕೆಲಸ ಬೇಡ, ದಸರಾ ಕಳೆದ ಮೇಲೆ ಶುರು ಮಾಡಿ. ಮೇಲೆ ಆಯಿಲ್ ಪೇಂಟ್ ಬಳಿಯಬೇಡಿ.

ಖರ್ಚು ಯಾರದು? ಕಾಯ್ದೆ ಪ್ರಕಾರ ರಿಪೇರಿ ಮಾಲೀಕರ ಹೊಣೆ. ಅವರು ಮಾಡದಿದ್ದರೆ ಬರಹದಲ್ಲಿ 15 ದಿನದ ನೋಟಿಸ್ ಕೊಟ್ಟು ಬಾಡಿಗೆದಾರರೇ ಮಾಡಿಸಬಹುದು, ಆದರೆ ಹಳೆಯ ಬಾಡಿಗೆ ಎಷ್ಟು ಕಡಿಮೆ ಅಂದರೆ ಅದರಲ್ಲಿ ಮುರಿದುಕೊಂಡರೆ ಒಂದು ಕಿಟಕಿಯ ದುಡ್ಡೂ ಹುಟ್ಟುವುದಿಲ್ಲ. ನಿಮ್ಮದು ಸೆಸ್ (ರಿಪೇರಿಗೆಂದು ಕಟ್ಟುವ ತೆರಿಗೆ) ಕಟ್ಟುವ ಕಟ್ಟಡವಾಗಿದ್ದರೆ ರಾಜ್ಯದ ವಸತಿ ಪ್ರಾಧಿಕಾರವಾದ ಮ್ಹಾಡಾದ ರಿಪೇರಿ ಮಂಡಳಿಗೆ ಅರ್ಜಿ ಹಾಕಿ.

ಹೆರಿಟೇಜ್ ಪಟ್ಟಿ (ಕಾಪಾಡಬೇಕಾದ ಹಳೆಯ ಕಟ್ಟಡಗಳ ಸರ್ಕಾರಿ ಪಟ್ಟಿ) ಅಂದ ಕೂಡಲೇ ಜನ ಹೆದರುತ್ತಾರೆ. 2012ರಲ್ಲಿ ಹೊಸ ಪಟ್ಟಿ ಬಂದಾಗ ದಾದರ್, ಮಾಟುಂಗಾ ಕಡೆ ಎಷ್ಟು ವಿರೋಧ ಬಂತು! ಭಯಕ್ಕೂ ಕಾರಣ ಇದೆ, ಆದರೆ ನಿಯಮ ಓದಿ ನೋಡಿ. 1995ರಿಂದ ಇಲ್ಲಿ ಗ್ರೇಡ್ ಪದ್ಧತಿ ಇದೆ. ಗ್ರೇಡ್ 1 ತುಂಬ ಬಿಗಿ. ಗ್ರೇಡ್ 3ರಲ್ಲಿ ಒಳಗೂ ಹೊರಗೂ ಬದಲಾವಣೆಗೆ ಅವಕಾಶ ಇದೆ, ಖೋಲಿಯೊಳಗೆ ಸಂಡಾಸು ಮಾಡಿಸಲು ಹೆರಿಟೇಜ್ ಅಂತ ಯಾರಾದರೂ ತಡೆದರೆ ಗ್ರೇಡ್ ಯಾವುದು ಅಂತ ಕೇಳಿ. ನಾನಂತೂ ಮೊದಲು ಸಂಡಾಸು ಮತ್ತು ನೀರು ಅನ್ನುತ್ತೇನೆ. ವಯಸ್ಸಾದ ಅಮ್ಮ ರಾತ್ರಿ ಗ್ಯಾಲರಿಯ ತುದಿವರೆಗೆ ನಡೆಯಬೇಕಾದ ಚಾಳನ್ನು ಮಕ್ಕಳು ಬಿಟ್ಟು ಹೋಗದೆ ಇನ್ನೇನು ಮಾಡುತ್ತಾರೆ?

ಬೀದಿಯನ್ನೂ ನೋಡಿಕೊಳ್ಳಿ. ಗಿರ್ಗಾಂವ್‌ನ ಹಳೆಯ ಮನೆಗಳ ಓಣಿ ಖೋತಾಚಿವಾಡಿಯಂಥ ಕಡೆ ಫೋಟೋ ತೆಗೆಯಲು ಬರುವವರಿಗೆ ಹೊತ್ತು, ಜಾಗ ಗೊತ್ತುಮಾಡುವುದು ಅಲ್ಲಿನ ನಿವಾಸಿಗಳ ಕೈಯಲ್ಲಿರಬೇಕು. ಸರ್ಕಾರಿ ಸುಂದರೀಕರಣದ ಕೆಲಸ ನಡೆಯುವಾಗ ಒಬ್ಬರಾದರೂ ಅಲ್ಲಿ ನಿಂತಿರಿ. 2024ರ ಜೂನ್‌ನಲ್ಲಿ ವಾಲ್ಕೇಶ್ವರದ ಬಾಣಗಂಗಾ ಕೆರೆಯ ಹೂಳೆತ್ತಲು ಇಳಿಸಿದ ಯಂತ್ರದಿಂದ ಹಳೆಯ ಕಲ್ಲಿನ ಮೆಟ್ಟಿಲುಗಳೇ ಜಖಂ ಆದವು. ಕೆಳಗಿನ ಅಂಗಡಿಗಳ ಮೇಲೂ ಕಣ್ಣಿಡಿ. ಮಾಟುಂಗಾ ಸ್ಟೇಷನ್ ಹತ್ತಿರ 1942ರಿಂದ ಊಟ ಹಾಕುತ್ತಿರುವ ಉಡುಪಿ ಬೋರ್ಡಿಂಗ್ ಇಂದಿಗೂ ಇದೆ. ಹಿಟ್ಟಿನ ಗಿರಣಿ, ಮೆಸ್ಸು, ದರ್ಜಿ ಅಂಗಡಿ ಹೋಗಿ ದುಬಾರಿ ಕೆಫೆ ಬಂದರೆ ಮೇಲಿನ ಖೋಲಿಯವರ ದಿನದ ಬದುಕು ಕಷ್ಟವಾಗುತ್ತದೆ.

ಬಿಲ್ಡರ್ ಬಂದರೆ? ಸೆಸ್ ಕಟ್ಟಡದ ಪುನರ್‌ನಿರ್ಮಾಣಕ್ಕೆ 51% ಬಾಡಿಗೆದಾರರ ಒಪ್ಪಿಗೆ ಸಾಕು, ಕೊಟ್ಟ ಒಪ್ಪಿಗೆ ವಾಪಸ್ ತಗೊಳ್ಳಲು ಬರುವುದಿಲ್ಲ. ಕಾರ್ಪೆಟ್ ಏರಿಯಾ (ಗೋಡೆ ಬಿಟ್ಟು ಒಳಗಿನ ಜಾಗ) ಎಷ್ಟು, ಕಟ್ಟುವವರೆಗೆ ಬಾಡಿಗೆ ಯಾರು ಕೊಡುತ್ತಾರೆ, ಅವರು ನಿಲ್ಲಿಸಿದರೆ ಬ್ಯಾಂಕ್ ಗ್ಯಾರಂಟಿ ಇದೆಯೇ, ಹೊಸ ಕಟ್ಟಡದ ಲಿಫ್ಟು, ನಿರ್ವಹಣೆಗೆ ಬಿಲ್ಡರ್ ಇಡುವ ಕಾರ್ಪಸ್ ಫಂಡ್ (ಮೂಲ ನಿಧಿ) ಎಷ್ಟು, ಇಷ್ಟು ಬರಹದಲ್ಲಿ ಬರುವ ತನಕ ಸಹಿ ಬೇಡ. ಕರಾರು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಓದಲು ಬಾರದ ಹಿರಿಯರಿಗೆ ಒಬ್ಬರು ಕೂತು ಕನ್ನಡದಲ್ಲಿ ಸಾಲು ಸಾಲಾಗಿ ಹೇಳಿ.

ಪಾಲಿಕೆಗೆ, ಮ್ಹಾಡಾಕ್ಕೆ ಕೊಡುವ ಅರ್ಜಿ ಮರಾಠಿಯಲ್ಲಿರಲಿ, ಎಲ್ಲ ಖೋಲಿಯವರ ಸಹಿ ಇರಲಿ, ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಠಸ್ಸೆ ಮತ್ತು ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳದೆ ಕೌಂಟರ್ ಬಿಡಬೇಡಿ.