ಗ್ರೂಪ್ ಚದುರಿದಾಗ ಎಲ್ಲಿಂದ ಹುಡುಕಬೇಕು: ಹತ್ತು ಮೀಟರ್ ಏರ್ ರೈಫಲ್ ಮತ್ತು ಪೆಲೆಟ್, ನನ್ನ ಅನುಭವ

ಟಾರ್ಗೆಟ್‌ನ ಹತ್ತರ ಮೇಲೆಯೇ ಕೂರುತ್ತಿದ್ದ ಪೆಲೆಟ್‌ಗಳು (ಏರ್ ರೈಫಲ್‌ನ ಸೀಸದ ಗುಂಡುಗಳು) ಇದ್ದಕ್ಕಿದ್ದಂತೆ 9.3, 9.6 ಅಂಕಕ್ಕೆ ಚದುರತೊಡಗಿದರೆ ತಪ್ಪು ಇರುವುದು ಮೂರರಲ್ಲಿ ಒಂದು ಕಡೆ: ಹೊಡೆಯುವವರಲ್ಲಿ, ಪೆಲೆಟ್‌ನಲ್ಲಿ, ಇಲ್ಲವೇ ರೈಫಲ್‌ನಲ್ಲಿ. ಹೆಚ್ಚಿನವರು ಮೊದಲು ಸೈಟಿನ ಕ್ಲಿಕ್ ತಿರುಗಿಸುತ್ತಾರೆ, ನಂತರ ಭುಜಕ್ಕೆ ತಾಗುವ ಬಟ್‌ಪ್ಲೇಟ್ ಸರಿಸುತ್ತಾರೆ, ಅಷ್ಟರಲ್ಲಿ ಪೆಲೆಟ್ ಡಬ್ಬಿಯೂ ಬೇರೆಯಾಗಿರುತ್ತದೆ. ಆಮೇಲೆ ಯಾವುದರಿಂದ ಏನಾಯಿತೆಂದು ಹೇಳುವುದು ಸಾಧ್ಯವೇ ಇಲ್ಲ. ನಾನು ಮೊದಲು ಕೈಯನ್ನು ಲೆಕ್ಕದಿಂದ ಹೊರಗಿಡುತ್ತೇನೆ. ಉಳಿದದ್ದರಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತೇನೆ.

ಬಂದೂಕಿನ ಕಾಡತೂಸನ್ನು ಮನೆಯಲ್ಲಿ ತುಂಬಿಕೊಳ್ಳುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿಯಿಲ್ಲದೆ ಮಾಡುವಂಥ ಕೆಲಸವಲ್ಲ. 4.5 ಮಿ.ಮೀ. ನಳಿಗೆಯ, 20 ಜೂಲ್‌ಗಿಂತ ಕಡಿಮೆ ಶಕ್ತಿಯ ಏರ್ ರೈಫಲ್‌ಗೆ 2016ರ ನಿಯಮಗಳಲ್ಲಿ ಲೈಸೆನ್ಸಿನಿಂದ ವಿನಾಯಿತಿ ಇದೆ. 0.53 ಗ್ರಾಂ ಪೆಲೆಟ್ ಸೆಕೆಂಡಿಗೆ 170 ಮೀಟರ್ ವೇಗದಲ್ಲಿ ಹೊರಟರೆ ಸುಮಾರು 7.7 ಜೂಲ್ ಆಗುತ್ತದೆ. ಇಲ್ಲಿ ಮದ್ದು ಅಳೆಯುವ ಕೆಲಸವಿಲ್ಲ. ಆದರೆ ಪೆಲೆಟ್ ಆರಿಸುವುದು, ಗಾಳಿಯ ಒತ್ತಡ ನೋಡುವುದು, ಬ್ರೀಚ್ (ಪೆಲೆಟ್ ಇಡುವ ನಳಿಗೆಯ ಹಿಂತುದಿ) ಸೀಲ್ ಪರೀಕ್ಷಿಸುವುದು ಅಷ್ಟೇ ನಿಖರತೆ ಕೇಳುತ್ತವೆ.

ಧಾರವಾಡದ ಹಳೆಯ ಓಣಿಗಳ ಕೆಲವು ಮನೆಗಳಲ್ಲಿ ಪಡಸಾಲೆ, ನಡುಮನೆ, ಹಿತ್ತಲ ಬಾಗಿಲು ಒಂದೇ ಗೆರೆಯಲ್ಲಿರುತ್ತವೆ, ಹತ್ತು ಮೀಟರ್ ಸುಲಭವಾಗಿ ಸಿಗುತ್ತದೆ. ಟಾರ್ಗೆಟ್‌ನ ಹಿಂದೆ ಗಟ್ಟಿ ಗೋಡೆ ಇರಲೇಬೇಕು. ಅದರ ಮುಂದೆ 3 ಮಿ.ಮೀ. ತಗಡಿನ ಪೆಟ್ಟಿಗೆ, ಒಳಗೆ ಪೆಲೆಟ್ ಕೆಳಕ್ಕೆ ಬೀಳುವಂತೆ 45 ಡಿಗ್ರಿ ಓರೆಯ ಹಲಗೆ. ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದಲ್ಲಿ ಇಂಥ ಪೆಟ್ಟಿಗೆಯನ್ನು ಯಾವ ವೆಲ್ಡಿಂಗ್ ಅಂಗಡಿಯವರಾದರೂ ಮಾಡಿಕೊಡುತ್ತಾರೆ. ಟಾರ್ಗೆಟ್ ಕಡೆಯಿಂದ ಯಾರೂ ಒಳಗೆ ಬರದಂತೆ ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿ, ಕಣ್ಣಿಗೆ ಕನ್ನಡಕ ಹಾಕಿಕೊಂಡ ಮೇಲೆಯೇ ಪೆಲೆಟ್ ಡಬ್ಬಿ ತೆರೆಯುವುದು.

ಕೈಯನ್ನು ಹೊರಗಿಡುವ ಸಾಧನ ಸರಳ. ಹಳೆಯ ಜೀನ್ಸಿನ ಕಾಲನ್ನು ಕತ್ತರಿಸಿ, ಒಣಗಿಸಿ ಜರಡಿ ಹಿಡಿದ ಮರಳು ತುಂಬಿ ಹೊಲಿದರೆ ಎರಡು ಚೀಲ ಆಗುತ್ತವೆ. ಒಂದು ಫೋರ್‌ಎಂಡ್ (ಕೈ ಹಿಡಿಯುವ ಮುಂಭಾಗ) ಕೆಳಗೆ, ಇನ್ನೊಂದು ಬಟ್ (ಭುಜದ ಕಡೆಯ ತುದಿ) ಕೆಳಗೆ. ಫೋರ್‌ಎಂಡ್ ಮೇಲೆ ಟೇಪಿನ ಗುರುತು ಹಾಕಿ, ಪ್ರತಿ ಸಲ ಅದೇ ಜಾಗ ಚೀಲದ ಮೇಲೆ ಕೂರುವಂತೆ ನೋಡಿಕೊಳ್ಳಬೇಕು. ನಳಿಗೆಯಾಗಲಿ ಗಾಳಿಯ ಸಿಲಿಂಡರ್ ಆಗಲಿ ಚೀಲಕ್ಕೆ ತಾಗಬಾರದು. ಸ್ಪ್ರಿಂಗ್ ರೈಫಲ್ (ಸ್ಪ್ರಿಂಗ್ ಪಿಸ್ಟನ್ ತಳ್ಳಿ ಗಾಳಿ ಒತ್ತುವಂಥದ್ದು) ಇದ್ದವರು ಹೀಗೆ ನೇರವಾಗಿ ಚೀಲದ ಮೇಲೆ ಇಟ್ಟರೆ ಫಲಿತಾಂಶ ಸುಳ್ಳಾಗುತ್ತದೆ. ಪೆಲೆಟ್ ನಳಿಗೆಯಲ್ಲಿರುವಾಗಲೇ ಪಿಸ್ಟನ್ನಿನ ಓಟಕ್ಕೆ ರೈಫಲ್ ಅಲುಗುತ್ತದೆ, ಆ ಅಲುಗಾಟ ಪ್ರತಿ ಸಲ ಒಂದೇ ರೀತಿ ಆಗಲು ಬಿಡಬೇಕು. ಅದಕ್ಕೆ ಅಂಗೈಯನ್ನು ಚೀಲದ ಮೇಲಿಟ್ಟು, ಅಂಗೈ ಮೇಲೆ ರೈಫಲನ್ನು ಬಿಗಿ ಹಿಡಿಯದೆ ಇಡುವುದು ಸರಿಯಾದ ಕ್ರಮ.

ಫ್ಯಾನ್ ಆರಿಸಿ, ಹತ್ತು ಹೊಡೆತದ ಗ್ರೂಪ್ (ತೂತುಗಳ ಗುಂಪು) ಮೂರು ಸಲ. ಐದು ಹೊಡೆತದ ಗ್ರೂಪ್ ನೋಡಿ ತೀರ್ಮಾನಕ್ಕೆ ಬರಬೇಡಿ, ಅದು ಯಾವ ಪೆಲೆಟನ್ನಾದರೂ ಚೆನ್ನಾಗಿ ತೋರಿಸಿಬಿಡಬಲ್ಲದು. ಕ್ಯಾಲಿಪರ್‌ನಿಂದ ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು 4.5 ಮಿ.ಮೀ. ಕಳೆದರೆ ಕೇಂದ್ರದಿಂದ ಕೇಂದ್ರಕ್ಕೆ ಇರುವ ಅಂತರ ಸಿಗುತ್ತದೆ. ಟಾರ್ಗೆಟ್‌ನ ಹತ್ತರ ಚುಕ್ಕೆ ಕೇವಲ 0.5 ಮಿ.ಮೀ., ಆದರೆ ಪೆಲೆಟ್‌ನ ಅಂಚು ತಾಗಿದರೂ ಹತ್ತು. ಅಂದರೆ ಪೆಲೆಟ್‌ನ ಕೇಂದ್ರ 2.5 ಮಿ.ಮೀ. ಸರಿದರೂ 10.0, ಅಲ್ಲಿಂದ ಪ್ರತಿ 0.25 ಮಿ.ಮೀ.ಗೆ 0.1 ಅಂಕ. ಚೀಲದ ಮೇಲಿಂದ ಹೊರ ಅಳತೆ 6.5 ಮಿ.ಮೀ. ಒಳಗಿದ್ದರೆ ರೈಫಲ್ ಮತ್ತು ಪೆಲೆಟ್ ಎರಡೂ ಸರಿ ಇವೆ ಎಂದು ನಾನು ಹಿಡಿಯುತ್ತೇನೆ. ಹುಡುಕಬೇಕಾದದ್ದು ನಿಲುವು, ಉಸಿರು, ಟ್ರಿಗರ್‌ನಲ್ಲಿ. 8 ಮಿ.ಮೀ. ದಾಟಿದರೆ ಸಾಮಾನಿನಲ್ಲೇ ದೋಷ.

ಮೊದಲ ಅನುಮಾನ ಪೆಲೆಟ್ ಮೇಲೆ. ಟಾರ್ಗೆಟ್‌ಗೆ ಬಳಸುವುದು ಚಪ್ಪಟೆ ತಲೆಯ ವೇಡ್‌ಕಟರ್, ಕಾಗದದಲ್ಲಿ ದುಂಡನೆಯ ಸ್ವಚ್ಛ ತೂತು ಕೊರೆಯುತ್ತದೆ. ಆರ್‌ಡಬ್ಲ್ಯೂಎಸ್ ಆರ್10, ಎಚ್ ಅಂಡ್ ಎನ್ ಫಿನಾಲೆ ಮ್ಯಾಚ್ ಮೊದಲಾದವುಗಳ ಡಬ್ಬಿಯ ಮೇಲೆ ತಲೆಯ ಅಳತೆ 4.49, 4.50, 4.51 ಎಂದು ಇರುತ್ತದೆ. ಒಬ್ಬ ತಯಾರಕರ 4.50 ಇನ್ನೊಬ್ಬರ 4.50ಗೆ ಸಮ ಎಂದುಕೊಳ್ಳಬೇಡಿ. ಯಾವ ಅಳತೆ ಒಳ್ಳೆಯದು ಎಂಬ ಪ್ರಶ್ನೆಗೆ ಉತ್ತರ ನಿಮ್ಮ ನಳಿಗೆ ಮಾತ್ರ ಕೊಡಬಲ್ಲದು, ಗೆಳೆಯರ ರೈಫಲ್‌ಗೆ ಹೊಂದಿದ್ದು ನಿಮ್ಮದಕ್ಕೆ ಹೊಂದಲೇಬೇಕೆಂದಿಲ್ಲ. ಮೂರು ಅಳತೆ ತಂದರೆ ಒಂದರ ಮೂವತ್ತನ್ನೂ ಒಟ್ಟಿಗೆ ಹೊಡೆದು ಮುಗಿಸಬೇಡಿ. ಮೊದಲನೆಯದರ ಹತ್ತು, ಎರಡನೆಯದರ ಹತ್ತು, ಮೂರನೆಯದರ ಹತ್ತು, ಮತ್ತೆ ಮೊದಲಿನಿಂದ. ನಡುವೆ ಸಿಲಿಂಡರಿನ ಒತ್ತಡ ಇಳಿದರೂ, ಕಣ್ಣು ದಣಿದರೂ ಮೂರಕ್ಕೂ ಸಮನಾಗಿ ಹಂಚಿಹೋಗುತ್ತದೆ. ಪೆಲೆಟ್ ಬದಲಿಸಿದಾಗಲೆಲ್ಲ ಐದು ಹೊಡೆತ ಲೆಕ್ಕಕ್ಕೆ ಸೇರಿಸದೆ ಬಿಡಬೇಕು. ಹಿಂದಿನ ಪೆಲೆಟ್ ನಳಿಗೆಯಲ್ಲಿ ಬಿಟ್ಟ ಸೀಸ, ಎಣ್ಣೆಯ ಪದರು ಹೊಸದಕ್ಕೆ ಹೊಂದಿಕೊಳ್ಳಲು ಅಷ್ಟು ಬೇಕು.

ಅಕ್ಕಸಾಲಿಗರ ಮಿಲಿಗ್ರಾಂ ತಕ್ಕಡಿ ತಂದು ಒಂದೊಂದೇ ಪೆಲೆಟ್ ತೂಗುವವರಿದ್ದಾರೆ. ಲೆಕ್ಕ ಹಾಕಿ ನೋಡಿದರೆ ಆ ಶ್ರಮ ಹೆಚ್ಚು ಫಲ ಕೊಡುವುದಿಲ್ಲ. 170 ಮೀಟರ್ ವೇಗದಲ್ಲಿ ಪೆಲೆಟ್ ಹತ್ತು ಮೀಟರ್ ದಾಟುವಷ್ಟರಲ್ಲಿ ಸುಮಾರು 18 ಮಿ.ಮೀ. ಕೆಳಗಿಳಿಯುತ್ತದೆ. ತೂಕ 0.005 ಗ್ರಾಂ, ಅಂದರೆ ಹತ್ತಿರಹತ್ತಿರ ಶೇ. 1 ಹೆಚ್ಚಾದರೆ ವೇಗ ಶೇ. 0.5 ತಗ್ಗಿ, ಇಳಿತ ಶೇ. 1 ಏರುತ್ತದೆ: 0.18 ಮಿ.ಮೀ. ಒಂದು ದಶಮಾಂಶ ಅಂಕವೂ ಅಲ್ಲ. ಆ ಸಮಯವನ್ನು ಸ್ಕರ್ಟ್ ನೋಡಲು ಕೊಡಿ. ಪೆಲೆಟ್‌ನ ಹಿಂಬದಿಯ ಆ ತೆಳ್ಳನೆಯ ಅಂಚು ಒಂದು ಕಡೆ ನೆಗ್ಗಿದ್ದರೆ ಗಾಳಿ ಆ ಕಡೆಯಿಂದ ಮೊದಲು ನುಗ್ಗಿ, ನಳಿಗೆಯ ಬಾಯಲ್ಲೇ ಪೆಲೆಟನ್ನು ಓರೆ ಮಾಡುತ್ತದೆ. ಕಾರಣ ಕಾಣದೆ ಒಂದೇ ಹೊಡೆತ ಹೊರಗೆ ಹೋಗುವುದು ಬಹಳ ಸಲ ಇದರಿಂದಲೇ.

ಬೇರ್ಪಡಿಸಲು ಒಂದು ಗಾಜಿನ ಹಲಗೆ ಸಾಕು. ಮೇಜಿನ ಮೇಲಿಟ್ಟು ಒಂದು ಬದಿ ಎರಡು ಸೆಂ.ಮೀ. ಎತ್ತರಿಸಿ, ಮೇಲಿನ ಅಂಚಿನ ಒಂದೇ ಜಾಗದಿಂದ ಪೆಲೆಟ್ ಉರುಳಲು ಬಿಡಬೇಕು. ತಲೆಗಿಂತ ಸ್ಕರ್ಟ್ ಅಗಲವಾದ್ದರಿಂದ ಅದು ಬಾಗಿದ ದಾರಿಯಲ್ಲಿ ಉರುಳುತ್ತದೆ. ಒಳ್ಳೆಯವೆಲ್ಲ ಒಂದೇ ಜಾಗದಲ್ಲಿ ಕೆಳಗೆ ತಲುಪುತ್ತವೆ, ನೆಗ್ಗಿದ್ದು ಕುಂಟುತ್ತ ಬೇರೆ ಕಡೆ ಹೋಗುತ್ತದೆ. ಸ್ಕೂಟರಿನ ಡಿಕ್ಕಿಯಲ್ಲಿ ಡಬ್ಬಿ ಹಾಕಿಕೊಂಡು ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬಂದರೆ ಅರ್ಧ ಖಾಲಿಯಾದ ಡಬ್ಬಿಯೊಳಗೆ ಪೆಲೆಟ್‌ಗಳು ಒಂದಕ್ಕೊಂದು ಬಡಿದುಕೊಂಡಿರುತ್ತವೆ. ಮುಚ್ಚಳದ ಒಳಗೆ ಫೋಮ್ ಬಿಲ್ಲೆ ಒತ್ತಿ ಇಟ್ಟರೆ ಈ ನಷ್ಟ ನಿಲ್ಲುತ್ತದೆ. ಬೇಸಿಗೆಯಲ್ಲಿ ಗದಗ, ನವಲಗುಂದ ಕಡೆಯ ಎರೆಮಣ್ಣಿನ ಧೂಳು ಎಲ್ಲಕ್ಕೂ ಅಂಟುತ್ತದೆ. ಧೂಳು ಹಿಡಿದ ಪೆಲೆಟ್ ನಳಿಗೆಯ ಒಳಮೈಯನ್ನು ಗೀರುತ್ತದೆ, ಆದ್ದರಿಂದ ಡಬ್ಬಿ ತೆರೆದಿಟ್ಟು ಹೊಡೆಯುವ ರೂಢಿ ಬೇಡ. ಮಳೆಗಾಲದಲ್ಲಿ ಬಿಳಿ ಪುಡಿ ಕಟ್ಟಿದ ಪೆಲೆಟ್‌ಗಳನ್ನು ಒರೆಸಿ ಬಳಸುವುದೂ ಬೇಡ, ಅದು ಸೀಸದ ಪುಡಿ, ಕೈಗೂ ಉಸಿರಿಗೂ ಕೆಟ್ಟದ್ದು.

ಪೆಲೆಟ್ ಸರಿಯಿದ್ದೂ ಗ್ರೂಪ್ ಚದುರಿದರೆ ಅದರ ಆಕಾರವೇ ದಾರಿ ತೋರಿಸುತ್ತದೆ. ಮೇಲೆ ಕೆಳಗೆ ಉದ್ದವಾಗಿದ್ದರೆ ವೇಗ ಏರುಪೇರಾಗುತ್ತಿದೆ. ಸೆಕೆಂಡಿಗೆ 5 ಮೀಟರ್ ವ್ಯತ್ಯಾಸಕ್ಕೆ ಸುಮಾರು 1 ಮಿ.ಮೀ. ಏರಿಳಿತ, ಅಂದರೆ 0.4 ಅಂಕ. ಕ್ರೋನೋಗ್ರಾಫ್ (ವೇಗ ಅಳೆಯುವ ಯಂತ್ರ) ಇದ್ದರೆ ಹತ್ತು ಹೊಡೆತ ಅಳೆಯಿರಿ. ರೆಗ್ಯುಲೇಟರ್ (ಒತ್ತಡ ಸಮನಾಗಿಡುವ ಭಾಗ) ಇರುವ ಪಿಸಿಪಿ, ಅಂದರೆ ಸಿಲಿಂಡರಿನಲ್ಲಿ ಮೊದಲೇ ಗಾಳಿ ತುಂಬಿಡುವ ರೈಫಲ್‌ನಲ್ಲಿ ಅತಿ ಹೆಚ್ಚು ಮತ್ತು ಅತಿ ಕಡಿಮೆ ವೇಗದ ಅಂತರ ಸೆಕೆಂಡಿಗೆ 3 ಮೀಟರ್ ಒಳಗಿರಬೇಕು. ಮೊದಲ ಹೊಡೆತ ಮಾತ್ರ ಬೇರೆ ವೇಗ ತೋರಿಸಿ ಉಳಿದವು ಒಂದೇ ಸಮನಿದ್ದರೆ ರೆಗ್ಯುಲೇಟರ್ ಸೋರಿ ಮುಂದಿನ ಕೋಣೆಯಲ್ಲಿ ಒತ್ತಡ ನಿಧಾನ ಏರುತ್ತಿದೆ, ಅದು ಸರ್ವೀಸಿನವರ ಕೆಲಸ. ಎಲ್ಲವೂ ಏರುಪೇರಾಗಿದ್ದರೆ ಬ್ರೀಚಿನ ಓ-ರಿಂಗ್ (ರಬ್ಬರ್ ಬಳೆ) ನೋಡಬೇಕು. ಟಿಶ್ಯೂ ಕಾಗದದ ಸಣ್ಣ ಪಟ್ಟಿಯನ್ನು ಬ್ರೀಚ್ ಸಂದಿನ ಮೇಲೆ ಇಟ್ಟು, ಮುಖ ದೂರವಿಟ್ಟು, ತಗಡಿನ ಪೆಟ್ಟಿಗೆಯ ಕಡೆ ಪೆಲೆಟ್ ಹೊಡೆದಾಗ ಪಟ್ಟಿ ಹಾರಿದರೆ ಗಾಳಿ ಅಲ್ಲೇ ಸೋರುತ್ತಿದೆ.

ಅಡ್ಡಕ್ಕೆ ಹರಡಿದ್ದರೆ ರೈಫಲ್ ಓರೆಯಾಗುತ್ತಿದೆ. 5 ಡಿಗ್ರಿ ವಾಲಿದರೆ ಆ 18 ಮಿ.ಮೀ. ಇಳಿತದಿಂದ ಪೆಲೆಟ್ ವಾಲಿದ ಬದಿಗೇ ಸುಮಾರು 1.5 ಮಿ.ಮೀ. ಸರಿಯುತ್ತದೆ. ಚೀಲದ ಮೇಲಿಂದ ಹೊಡೆಯುವಾಗಲೂ ಇದು ಆಗುತ್ತದೆ, ಮುಂಸೈಟಿನಲ್ಲಿ ಅಡ್ಡಗೆರೆ ಇದ್ದರೆ ಅದನ್ನು ಪ್ರತಿ ಸಲ ನೋಡಿಕೊಳ್ಳಿ. ಎರಡು ಪ್ರತ್ಯೇಕ ಗ್ರೂಪ್ ಆಗುತ್ತಿದ್ದರೆ ಡಯಾಪ್ಟರ್ (ಕಣ್ಣಿನ ಕಡೆಯ ಸೈಟ್) ಇಲ್ಲವೇ ಮುಂಸೈಟ್ ಸಡಿಲವಾಗಿದೆ. ಎಲ್ಲ ದಿಕ್ಕಿಗೂ ದುಂಡಗೆ ಹರಡಿದ್ದರೆ ಸ್ಟಾಕಿನ (ನಳಿಗೆ ಕೂರುವ ಹಿಡಿಯ ಭಾಗ) ಸ್ಕ್ರೂ, ಇಲ್ಲವೇ ಕೊಳೆಯಾದ ನಳಿಗೆ. ಸ್ಕ್ರೂಗಳನ್ನು ತಯಾರಕರು ಹೇಳಿದ ಬಿಗಿಗೆ ಮಾತ್ರ ತಿರುಗಿಸಬೇಕು, ಅತಿ ಬಿಗಿಯೂ ಗ್ರೂಪ್ ಕೆಡಿಸುತ್ತದೆ.

ನಳಿಗೆಗೆ ಲೋಹದ ಬ್ರಷ್ ಬೇಡ. ಬ್ರೀಚ್‌ನಿಂದ ಬಾಯಿಯ ಕಡೆಗೆ ಬಟ್ಟೆಯ ತುಂಡು ಎಳೆಯಬೇಕು, ಮೊದಲು ಒಂದು ಹನಿ ನಳಿಗೆ ಎಣ್ಣೆ ಹಾಕಿ, ಆಮೇಲೆ ಬಟ್ಟೆ ಬಿಳಿಯಾಗಿ ಹೊರಬರುವವರೆಗೆ ಒಣದು. ಪಿಸಿಪಿಯಲ್ಲಿ ಸ್ವಚ್ಛ ಮಾಡುವ ಫೆಲ್ಟ್ ಬಿಲ್ಲೆಯನ್ನು ಪೆಲೆಟ್‌ನಂತೆ ಹೊಡೆಯಬಹುದು. ಸ್ಪ್ರಿಂಗ್ ರೈಫಲ್‌ನಲ್ಲಿ ಮಾತ್ರ ಬೇಡವೇ ಬೇಡ, ಅಷ್ಟು ಹಗುರ ಬಿಲ್ಲೆಗೆ ಪಿಸ್ಟನ್ ತಡೆಯಿಲ್ಲದೆ ಮುಂದಕ್ಕೆ ಅಪ್ಪಳಿಸುತ್ತದೆ. ಸ್ವಚ್ಛ ಮಾಡಿದ ಮೇಲಿನ ಮೊದಲ ಹತ್ತಿಪ್ಪತ್ತು ಹೊಡೆತ ನೋಡಿ ಸೈಟ್ ತಿರುಗಿಸಬೇಡಿ.

ಗಾಳಿ ತುಂಬುವಲ್ಲಿ ಅವಸರ ಸಲ್ಲದು. ಬೇಗ ತುಂಬಿದರೆ ಸಿಲಿಂಡರ್ ಬಿಸಿಯಾಗುತ್ತದೆ. 45 ಡಿಗ್ರಿಯಲ್ಲಿ 200 ಬಾರ್ ತೋರಿಸಿದ್ದು 27 ಡಿಗ್ರಿಗೆ ತಣಿದಾಗ 189ಕ್ಕೆ ಇಳಿಯುತ್ತದೆ, ಅದು ಸೋರಿಕೆ ಅಲ್ಲ. ಏಪ್ರಿಲ್ ಬಿಸಿಲಲ್ಲಿ ಕಾರಿನೊಳಗೆ ಬಿಟ್ಟರೆ ಇದೇ ಲೆಕ್ಕ ತಿರುವುಮುರುವಾಗಿ, 200 ಬಾರ್ 60 ಡಿಗ್ರಿಯಲ್ಲಿ 222 ಆಗುತ್ತದೆ. ಧಾರವಾಡದ ಜಿಟಿಜಿಟಿ ಮಳೆಯ ದಿನಗಳಲ್ಲಿ ಕೈ ಪಂಪಿನಿಂದ ತುಂಬುವವರು ನಡುನಡುವೆ ಬ್ಲೀಡ್ ಸ್ಕ್ರೂ ತೆರೆದು ನೀರು ಹೊರಬಿಡಬೇಕು, ಇಲ್ಲದಿದ್ದರೆ ತೇವ ರೆಗ್ಯುಲೇಟರಿಗೆ ಸೇರುತ್ತದೆ. ವೈದ್ಯಕೀಯ ಇಲ್ಲವೇ ವೆಲ್ಡಿಂಗ್ ಆಮ್ಲಜನಕವನ್ನು ಎಂದೂ ತುಂಬಬಾರದು, ಒತ್ತಡದಲ್ಲಿ ಸ್ವಲ್ಪ ಗ್ರೀಸ್ ತಾಗಿದರೂ ಸಿಡಿಯುತ್ತದೆ. ಸಿಲಿಂಡರ್ ಮೇಲೆ ಕೊರೆದ ತಯಾರಿಕೆಯ ದಿನಾಂಕ ನೋಡಿ. ಸ್ಪರ್ಧೆಯ ರೈಫಲ್‌ಗಳ ಸಿಲಿಂಡರಿಗೆ ತಯಾರಕರು ಸಾಮಾನ್ಯವಾಗಿ 10 ವರ್ಷದ ಮಿತಿ ಇಡುತ್ತಾರೆ, ಆಮೇಲೆ ಅದಕ್ಕೆ ಗಾಳಿ ತುಂಬುವಂತಿಲ್ಲ.

ಹೊಂದುವ ಅಳತೆ ಸಿಕ್ಕ ಮೇಲೆ ಡಬ್ಬಿಯ ಲಾಟ್ ಸಂಖ್ಯೆ ಬರೆದುಕೊಂಡು, ಅದೇ ಲಾಟ್‌ನ ಡಬ್ಬಿಗಳನ್ನು ಒಟ್ಟಿಗೆ ತರಿಸುತ್ತೇನೆ. ದಿನಕ್ಕೆ 60ರಂತೆ 500ರ ಡಬ್ಬಿ ಎಂಟು ದಿನ ಬರುತ್ತದೆ, ಹತ್ತು ಡಬ್ಬಿ ಮೂರು ತಿಂಗಳಿಗೂ ಸಾಲುವುದಿಲ್ಲ. ಒಂದು ಲಾಟ್ ಮುಗಿಯುವ ಮುಂಚೆ ಅದರ ನೂರು ಪೆಲೆಟ್‌ಗಳನ್ನು ಫೋಮ್ ಹಾಸಿದ ಬೇರೆ ಡಬ್ಬಿಯಲ್ಲಿ, ಲಾಟ್ ಸಂಖ್ಯೆ ಮತ್ತು ಆಗ ಬಂದ ಗ್ರೂಪಿನ ಅಳತೆ ಬರೆದು ಎತ್ತಿಡುತ್ತೇನೆ. ಮುಂದೆ ಗ್ರೂಪ್ ಕೆಟ್ಟಾಗ ಆ ಡಬ್ಬಿಯಿಂದ ಹತ್ತು ಹೊಡೆದರೆ ಸಾಕು. ಹಳೆಯ ಅಳತೆ ಬಂದರೆ ಹೊಸ ಪೆಲೆಟ್ ದೋಷ, ಬಾರದಿದ್ದರೆ ಅಲೆನ್ ಕೀ ತೆಗೆದುಕೊಂಡು ರೈಫಲ್ ಮುಂದೆ ಕೂರಬೇಕು.