ತೂಕ ಜಾಸ್ತಿ ಇದ್ದವರು ಮೊದಲ ಕೈಟ್‌ಬೋರ್ಡ್ ಆರಿಸುವುದು ಹೇಗೆ?

ಕೈಟ್‌ಬೋರ್ಡಿಂಗ್ ಎಂದರೆ ದೊಡ್ಡ ಗಾಳಿಪಟ ಎಳೆಯುವಾಗ ಕಾಲಿಗೆ ಹಲಗೆ ಸಿಕ್ಕಿಸಿಕೊಂಡು ನೀರಿನ ಮೇಲೆ ಓಡುವ ಆಟ. ನೂರು ಕೆಜಿ ಆಸುಪಾಸಿನವರು ಇದನ್ನು ಕಲಿಯಲು ಹೋಗಿ ನೀರಿನಿಂದ ಏಳಲಾಗದೆ ಒದ್ದಾಡುತ್ತಿದ್ದರೆ, ದಡದಲ್ಲಿ ನಿಂತವರೂ ಅವರೂ ಒಂದೇ ತೀರ್ಮಾನಕ್ಕೆ ಬರುತ್ತಾರೆ: ಈ ಮೈಕಟ್ಟಿಗೆ ಇದು ಆಗಿಬರಲ್ಲ. ಬಹಳ ಸಲ ಈ ತೀರ್ಮಾನವೇ ತಪ್ಪು. ಕಾಲಿನಡಿ ಇರುವ ಬೋರ್ಡ್ 70 ಕೆಜಿಯವರ ಅಳತೆಯದ್ದು, ಅಷ್ಟೇ. ಸರಿಯಾದ ಬೋರ್ಡ್ ಕೊಟ್ಟು ನೋಡಿ, ಅದೇ ಗಾಳಿಯಲ್ಲಿ ಅದೇ ಮನುಷ್ಯ ಎದ್ದು ನಿಲ್ಲುವ ಸಾಧ್ಯತೆ ಎಷ್ಟೋ ಜಾಸ್ತಿ.

ನಮ್ಮವರು ಈ ಆಟ ಕಲಿಯಲು ಹೋಗುವ ಜಾಗಗಳಲ್ಲಿ ತಮಿಳುನಾಡಿನ ರಾಮೇಶ್ವರ ಮತ್ತು ಶ್ರೀಲಂಕಾದ ಕಲ್ಪಿಟಿಯ ಮುಖ್ಯವಾದವು. ಎರಡೂ ಕಡೆ ಅಲೆ ಕಡಿಮೆ ಇರುವ, ಆಳವಿಲ್ಲದ ನೀರು ಸಿಗುತ್ತದೆ. ನೈಋತ್ಯ ಮಾರುತದ ತಿಂಗಳುಗಳಲ್ಲಿ ಗಾಳಿ ಹೆಚ್ಚಿನ ದಿನ ಒಂದೇ ಸಮ ಬೀಸುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಹತ್ತಿರದಲ್ಲಿಲ್ಲ. ಆದರೆ ಹೋಗುವ ಮೊದಲೇ ಅಲ್ಲಿನ ಕೈಟ್‌ಬೋರ್ಡಿಂಗ್ ಶಾಲೆಗೆ ಫೋನ್ ಮಾಡಿ ಒಂದು ಪ್ರಶ್ನೆ ಕೇಳಿ: "ನನ್ನ ತೂಕ ಇಷ್ಟು, ನನಗೆ ಎಷ್ಟು ಉದ್ದ, ಎಷ್ಟು ಅಗಲದ ಬೋರ್ಡ್ ಕೊಡ್ತೀರಾ?" ಅಳತೆಯನ್ನು ಸೆಂಟಿಮೀಟರ್‌ನಲ್ಲಿ ಹೇಳಿದರೆ ಸರಿ. "ಬನ್ನಿ, ಏನೋ ಒಂದು ಇದೆ" ಎಂದರೆ ಬೇರೆ ಶಾಲೆ ನೋಡಿ.

ತೂಕ ನೋಡಿಕೊಳ್ಳಿ

ಬೋರ್ಡ್ ಆರಿಸುವುದು ತಕ್ಕಡಿಯ ಮೇಲಿಂದ ಶುರುವಾಗಬೇಕು. ಇವತ್ತಿನ ತೂಕ ಲೆಕ್ಕಕ್ಕೆ ಬರಬೇಕು, ಮುಂದಿನ ವರ್ಷ ಇಳಿಸಬೇಕೆಂದುಕೊಂಡಿರುವ ತೂಕ ಅಲ್ಲ. ಅದರ ಮೇಲೆ ಸೊಂಟಕ್ಕೆ ಕಟ್ಟುವ ಹಾರ್ನೆಸ್, ಎದೆಗೆ ತೊಡುವ ಇಂಪ್ಯಾಕ್ಟ್ ವೆಸ್ಟ್, ಒದ್ದೆ ಬಟ್ಟೆ ಎಲ್ಲ ಸೇರಿ ಇನ್ನೂ ಕೆಲವು ಕೆಜಿ ಕೂಡುತ್ತದೆ. ಎರಡು ಅಳತೆಗಳ ನಡುವೆ ಅನುಮಾನ ಬಂದರೆ ದೊಡ್ಡದನ್ನೇ ಹಿಡಿಯಿರಿ.

ತೂಕ ಯಾಕೆ ಇಷ್ಟು ಮುಖ್ಯ ಎಂದರೆ, ಈ ಬೋರ್ಡ್ ದೋಣಿಯಂತೆ ತೇಲಿ ನಿಮ್ಮನ್ನು ಹೊರುವುದಿಲ್ಲ. ನಿಂತ ನೀರಲ್ಲಿ ಅದರ ಮೇಲೆ ಕಾಲಿಟ್ಟರೆ ಮುಳುಗುತ್ತದೆ. ಓಡುವಾಗ ಮಾತ್ರ ಅದರ ತಳ ನೀರನ್ನು ಕೆಳಕ್ಕೆ ಒತ್ತುತ್ತದೆ, ನೀರು ಅದನ್ನು ಮೇಲಕ್ಕೆ ಎತ್ತುತ್ತದೆ. ತಳ ದೊಡ್ಡದಿದ್ದರೆ ಕಡಿಮೆ ವೇಗದಲ್ಲೇ ಈ ಎತ್ತುವಿಕೆ ಸಿಗುತ್ತದೆ. ಚಿಕ್ಕದಿದ್ದರೆ ಜಾಸ್ತಿ ವೇಗ ಬೇಕು. ಆ ವೇಗ ಹೊಸಬರ ಕೈಯಲ್ಲಿ ಇನ್ನೂ ಇರುವುದಿಲ್ಲ.

ಮೊದಲ ಸಲ ಏಳುವ ಹೊತ್ತನ್ನು ಹತ್ತಿರದಿಂದ ನೋಡಿದರೆ ಇದು ಅರ್ಥವಾಗುತ್ತದೆ. ಕಲಿಯುವವರು ನೀರಿನಲ್ಲಿ ಮಲಗಿದಂತೆ ಕೂತಿರುತ್ತಾರೆ. ಪಾದ ಪಟ್ಟಿಯೊಳಗೆ, ಮಂಡಿ ಎದೆಯ ಹತ್ತಿರ, ಪಟ ತಲೆಯ ಮೇಲೆ. ಪಟವನ್ನು ಒಂದು ಬದಿಗೆ ಇಳಿಸುತ್ತಾರೆ. ಅದು ಎಳೆಯುತ್ತದೆ, ಸೊಂಟ ನೀರಿನಿಂದ ಮೇಲೆ ಬರುತ್ತದೆ, ಬೋರ್ಡ್ ಮುಂದಕ್ಕೆ ತಿರುಗುತ್ತದೆ. ಮುಂದಿನ ಒಂದೆರಡು ಸೆಕೆಂಡಿನಲ್ಲಿ ಎಲ್ಲ ತೀರ್ಮಾನವಾಗುತ್ತದೆ. ಚಿಕ್ಕ ಬೋರ್ಡ್ ಆದರೆ ಹಿಂದಿನ ತುದಿ ನೀರೊಳಗೆ ಹೂತುಹೋಗಿ ವೇಗ ಸತ್ತುಹೋಗುತ್ತದೆ, ಸವಾರ ಮತ್ತೆ ಕೂರುತ್ತಾರೆ. ಅಗಲವಾದ ಬೋರ್ಡ್ ಆದರೆ ಆ ಅರೆಬರೆ ಎಳೆತವೇ ಸಾಕಾಗುತ್ತದೆ.

ಉದ್ದಕ್ಕಿಂತ ಅಗಲ ನೋಡಿ

ಹೊಸಬರು ಕೊಳ್ಳಬೇಕಾದ್ದು ಟ್ವಿನ್ ಟಿಪ್ ಬೋರ್ಡ್. ಎರಡೂ ತುದಿ ಒಂದೇ ಥರ ಇರುವುದರಿಂದ ಎಡಕ್ಕೂ ಬಲಕ್ಕೂ ಕಾಲು ಬದಲಿಸದೆ ಹೋಗಬಹುದು. ಇದರಲ್ಲಿ 75 ಕೆಜಿಯವರಿಗೆ 138ರಿಂದ 140 ಸೆಂ.ಮೀ. ಉದ್ದ, 41–42 ಅಗಲ ಸಾಕು. 90 ಕೆಜಿಗೆ 145–150 ಉದ್ದ, 43–45 ಅಗಲ ಬೇಕು. ನೂರು ದಾಟಿದರೆ 150ರಿಂದ 160, ಅಗಲ 45–47. ಅದಕ್ಕೂ ಮೇಲಿನ ತೂಕಕ್ಕೆ ಸವಾರರು 'ಡೋರ್' ಎಂದು ಕರೆಯುವ 160–165ರ ಬೋರ್ಡ್‌ಗಳಿವೆ. ಇವು ಅಂದಾಜು ಅಳತೆಗಳು. ಬಹಳಷ್ಟು ಕಂಪನಿಗಳು ತಮ್ಮ ಬೋರ್ಡ್‌ಗಳಿಗೆ ತೂಕದ ಪಟ್ಟಿ ಕೊಟ್ಟಿರುತ್ತವೆ, ಅದನ್ನೂ ತೆರೆದು ನೋಡಿ.

ಅಂಗಡಿಯವರು ಸಾಮಾನ್ಯವಾಗಿ ಉದ್ದವನ್ನು ಮಾತ್ರ ಹೇಳುತ್ತಾರೆ. ಅಗಲ ಕೇಳದೆ ಬಿಡಬೇಡಿ. 150ರ ಎರಡು ಬೋರ್ಡ್‌ಗಳಲ್ಲಿ ಒಂದು 42, ಇನ್ನೊಂದು 46 ಇದ್ದರೆ ಭಾರದ ಸವಾರರಿಗೆ ಅವು ಬೇರೆ ಬೇರೆ ಬೋರ್ಡ್‌ಗಳೇ. ಅಗಲದ್ದು ಬೇಗ ನೀರ ಮೇಲೆ ಬರುತ್ತದೆ, ಗಾಳಿ ಸ್ವಲ್ಪ ಬಿದ್ದರೂ ಮುಳುಗದೆ ಸಾಗುತ್ತದೆ. ತುದಿಗಳೂ ಮೊನಚಾಗದೆ ಚೌಕವಾಗಿದ್ದರೆ ಇನ್ನೂ ಒಳ್ಳೆಯದು. ಹಿಂಗಾಲಿನಡಿ ತಳ ಜಾಸ್ತಿ ಸಿಗುತ್ತದೆ.

ಬೋರ್ಡ್ ಕೈಗೆ ಸಿಕ್ಕ ಮೇಲೆ ಸಮನಾದ ನೆಲದ ಮೇಲೆ ಇಟ್ಟು ಪಕ್ಕದಿಂದ ಬಗ್ಗಿ ನೋಡಿ. ತಳಕ್ಕೆ ಕೂರಿಸಿರುವ ಸಣ್ಣ ರೆಕ್ಕೆಗಳನ್ನು (ಫಿನ್) ಬಿಚ್ಚಿಸಿ ಇಟ್ಟರೆ ಸ್ಪಷ್ಟವಾಗಿ ಕಾಣುತ್ತದೆ. ತುದಿಗಳು ನೆಲದಿಂದ ಎಷ್ಟು ಮೇಲೆದ್ದಿವೆಯೋ ಅದು ರಾಕರ್. ಹೆಚ್ಚು ಬಾಗಿದ ಬೋರ್ಡ್ ಅಲೆಯಲ್ಲಿ, ಜಿಗಿತದಲ್ಲಿ ಹಿತ. ಆದರೆ ಅದು ನೀರನ್ನು ತಳ್ಳಿಕೊಂಡು ಹೋಗುತ್ತದೆ. ನಿಮಗೆ ಬೇಕಾದ್ದು ಚಪ್ಪಟೆಯದು. ಅದು ಬೇಗ ಓಡುತ್ತದೆ, ಗಾಳಿಯೆದುರು ಓರೆಯಾಗಿ ಸಾಗಲೂ ಸಹಾಯ ಮಾಡುತ್ತದೆ. ಹೊರಟ ಜಾಗಕ್ಕೇ ವಾಪಸ್ ಬರಬೇಕಾದರೆ ಆ ಓರೆ ಸವಾರಿಯನ್ನು ಕಲಿಯಲೇಬೇಕು, ಅಲ್ವಾ?

ಆಮೇಲೆ ಬೋರ್ಡನ್ನು ಒಂದು ತುದಿಯ ಮೇಲೆ ನಿಲ್ಲಿಸಿ, ಇನ್ನೊಂದು ತುದಿಯನ್ನು ಹಿಡಿದು, ನಡುಭಾಗವನ್ನು ಅಂಗೈಯಿಂದ ಒತ್ತಿ. ಸುಲಭವಾಗಿ ಬಾಗಿದರೆ ಅದನ್ನು ಬಿಡಿ. 65 ಕೆಜಿಯವರಿಗೆ ಮೆತ್ತಗೆ ಅನಿಸುವ ಬೋರ್ಡ್ 105 ಕೆಜಿಯಡಿ ನೀರಿನಲ್ಲಿ ಬಿಲ್ಲಿನಂತೆ ಬಾಗುತ್ತದೆ. ಚಪ್ಪಟೆ ಬೋರ್ಡ್ ಕೊಂಡಿದ್ದರ ಲಾಭ ಅಲ್ಲಿಗೇ ಹೋಯಿತು. ತೀರಾ ಗಟ್ಟಿಯೂ ಬೇಡ. ನೀರು ಕುಲುಕಿದ್ದೆಲ್ಲ ಮಂಡಿಗೆ ಬರುತ್ತದೆ. ಮಧ್ಯಮಕ್ಕಿಂತ ಸ್ವಲ್ಪ ಗಟ್ಟಿ ಇದ್ದರೆ ಸಾಕು.

ತಳದ ನಾಲ್ಕು ಸಣ್ಣ ರೆಕ್ಕೆಗಳು ಬೋರ್ಡ್ ಪಕ್ಕಕ್ಕೆ ಜಾರದಂತೆ ಹಿಡಿಯುತ್ತವೆ. 4–5 ಸೆಂ.ಮೀ.ನವು ಹೊಸಬರಿಗೆ ಒಳ್ಳೆಯವು. ಆಳವಿಲ್ಲದ ನೀರಿನಲ್ಲಿ ಅವು ಮರಳಿಗೆ ಸಿಕ್ಕರೆ ಬೋರ್ಡ್ ಗಕ್ಕನೆ ನಿಲ್ಲುತ್ತದೆ, ನೀವು ಮುಂದಕ್ಕೆ ಹಾರುತ್ತೀರಿ. ಮಂಡಿಗಿಂತ ಕಡಿಮೆ ನೀರಿಗೆ ಬೋರ್ಡ್ ಓಡಿಸಬೇಡಿ. ಪಾದದ ಪಟ್ಟಿಗಳನ್ನು ನಿಮ್ಮ ಕಾಲಿಗೇ ಹಾಕಿ ನೋಡಿ. ದೊಡ್ಡ ಪಾದಕ್ಕೆ ಎಷ್ಟೋ ಪಟ್ಟಿಗಳು ಸಾಲುವುದಿಲ್ಲ. ಬೆರಳು ಪಟ್ಟಿಯ ಆಚೆ ಸ್ವಲ್ಪ ಕಾಣಬೇಕು, ಹಿಮ್ಮಡಿ ಏಳಬಾರದು. ಬಿದ್ದಾಗ ಮಾತ್ರ ಪಾದ ಕಳಚಿಕೊಂಡು ಬರಬೇಕು.

ಬೋರ್ಡ್ ಬದಲು ಪಟ ದೊಡ್ಡದು ಮಾಡಬೇಡಿ

ಈ ಮಾತನ್ನು ಒತ್ತಿ ಹೇಳಬೇಕು. ಏಳಲಾಗುತ್ತಿಲ್ಲ ಎಂದರೆ "ಇನ್ನೂ ದೊಡ್ಡ ಪಟ ಹಾಕಿ" ಎನ್ನುವವರು ಇದ್ದೇ ಇರುತ್ತಾರೆ. ತೂಕಕ್ಕೆ ತಕ್ಕ ಪಟ ಬೇಕು ನಿಜ. 15 ನಾಟ್, ಅಂದರೆ ಗಂಟೆಗೆ ಸುಮಾರು 28 ಕಿ.ಮೀ. ಗಾಳಿಯಲ್ಲಿ 75 ಕೆಜಿಯವರು 11–12 ಚದರ ಮೀಟರ್ ಪಟ ಹಾರಿಸಿದರೆ, 100 ಕೆಜಿಯವರಿಗೆ 14–15 ಬೇಕಾಗುತ್ತದೆ. ಅದರ ಮೇಲೆ ಹೋಗುವುದು ಅಪಾಯ. ಗಾಳಿಯ ಎಳೆತ ಅದರ ವೇಗದ ವರ್ಗದಂತೆ ಏರುತ್ತದೆ. 15 ನಾಟ್ ಇದ್ದದ್ದು 20ಕ್ಕೆ ಹೋದರೆ ವೇಗ ಮೂರನೇ ಒಂದು ಭಾಗ ಏರಿತು, ಎಳೆತ ಮಾತ್ರ ಮುಕ್ಕಾಲು ಪಾಲಿನಷ್ಟು ಏರಿತು. ಇನ್ನೂ ಹಿಡಿತ ಬರದವರ ಕೈಯಲ್ಲಿ ಅಷ್ಟು ದೊಡ್ಡ ಪಟ ಇರಬಾರದು. ದೊಡ್ಡ ಬೋರ್ಡ್ ಮಾತ್ರ ನಿಮ್ಮನ್ನು ಎಳೆದುಕೊಂಡು ಹೋಗುವುದಿಲ್ಲ.

ಬೋರ್ಡ್ ದೂರ ಹೋಗದಿರಲಿ ಎಂದು ಹಗ್ಗದಿಂದ ಮೈಗೆ ಕಟ್ಟಿಕೊಳ್ಳುವುದೂ ಬೇಡ. ಪಟ ನಿಮ್ಮನ್ನು ಎಳೆದಾಗ ಹಗ್ಗ ಬಿಗಿದು, ಬೋರ್ಡ್ ಸಿಡಿದು ತಲೆಗೇ ಬಂದು ಬಡಿಯಬಹುದು. ಕಳೆದುಕೊಂಡ ಬೋರ್ಡನ್ನು ಪಟದ ಸಹಾಯದಿಂದ ನೀರಿನಲ್ಲಿ ಮೈ ಎಳೆಸಿಕೊಂಡು ಹೋಗಿ ಹಿಡಿಯುವುದನ್ನು ಶಾಲೆಯಲ್ಲಿ ಕಲಿಸುತ್ತಾರೆ. ಅದು ಬಂದ ಮೇಲೇ ಬೋರ್ಡ್ ಹತ್ತಿ.

ಯಾವಾಗ, ಎಂಥದ್ದು ಕೊಳ್ಳಬೇಕು?

ತರಗತಿ ಮುಗಿಯುವ ತನಕ ಸುಮ್ನೆ ಶಾಲೆಯ ಬೋರ್ಡನ್ನೇ ಬಳಸಿ. ಯಾವ ಅಳತೆಯಲ್ಲಿ ಸಲೀಸಾಗಿ ಎದ್ದಿರಿ ಎಂದು ಬರೆದಿಟ್ಟುಕೊಳ್ಳಿ. ಮೊದಲ ಬೋರ್ಡ್ ಹಳೆಯದಾದರೂ ನಡೆಯುತ್ತದೆ. ಪಟದ ಬಟ್ಟೆ ಬಿಸಿಲಿಗೆ ಹಾಳಾಗುವಷ್ಟು ಬೇಗ ಬೋರ್ಡ್ ಹಾಳಾಗುವುದಿಲ್ಲ. ಆದರೆ ಕೊಳ್ಳುವಾಗ ಅಂಚಿನುದ್ದಕ್ಕೂ ಬೆರಳು ಆಡಿಸಿ. ಬಿರುಕಿದ್ದರೆ ಒಳಗಿನ ಮರಕ್ಕೆ ನೀರು ಇಳಿದಿರಬಹುದು. ಬೆರಳಿನ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿ. ಒಂದು ಕಡೆ ಮಾತ್ರ ಟೊಳ್ಳು ಸದ್ದು ಬಂದರೆ ಪದರ ಬಿಟ್ಟುಕೊಂಡಿದೆ ಎಂದರ್ಥ. ಪಟ್ಟಿ ಕೂರಿಸುವ ಲೋಹದ ತೂತುಗಳಿಗೆ ಸ್ಕ್ರೂ ಹಾಕಿ ತಿರುಗಿಸಿ. ಅಲ್ಲಾಡುವ ತೂತು ಭಾರದ ಸವಾರರ ಕಾಲಿನಡಿ ಉಳಿಯುವುದಿಲ್ಲ.

ಸಾಗಾಟದ ಮಾತನ್ನೂ ಮೊದಲೇ ಯೋಚಿಸಿ. 160ರ ಬೋರ್ಡ್ ಎಷ್ಟೋ ಕೈಟ್ ಬ್ಯಾಗ್‌ಗಳಿಗೆ ಹಿಡಿಸುವುದಿಲ್ಲ. ಬೆಂಗಳೂರಿನಿಂದ ವಿಮಾನದಲ್ಲಿ ಮದುರೈಗೆ ಹೋಗಿ ಅಲ್ಲಿಂದ ರಸ್ತೆಯಲ್ಲಿ ರಾಮೇಶ್ವರಕ್ಕೆ ಹೋಗುವವರು, ಉದ್ದದ ಸಾಮಾನಿನ ನಿಯಮವನ್ನು ಟಿಕೆಟ್ ತೆಗೆಯುವ ಮೊದಲೇ ವಿಚಾರಿಸಿಕೊಳ್ಳಬೇಕು. ನಡುವೆ ಬಿಚ್ಚಿ ಎರಡು ತುಂಡು ಮಾಡಬಹುದಾದ ಬೋರ್ಡ್‌ಗಳೂ ಬರುತ್ತವೆ. ಬೆಲೆ ಮತ್ತು ತೂಕ ಎರಡೂ ಸ್ವಲ್ಪ ಹೆಚ್ಚು.

ಗಾಳಿಯೆದುರು ಸಾಗುವುದು ಸಲೀಸಾದ ಮೇಲೆ, 22–25 ನಾಟ್ ಗಾಳಿಯಲ್ಲಿ ದೊಡ್ಡ ಬೋರ್ಡ್ ಹಿಡಿತಕ್ಕೆ ಸಿಗದೆ ಬಡಿದಾಡುವುದು ನಿಮಗೇ ಗೊತ್ತಾಗುತ್ತದೆ. ಎರಡನೇ, ಚಿಕ್ಕ ಬೋರ್ಡ್ ಕೊಳ್ಳುವ ಸಮಯ ಅದು. ಆಗಲೂ ಮೊದಲನೆಯದನ್ನು ಮಾರಬೇಡಿ. ಗಾಳಿ 12–13 ನಾಟ್‌ಗೆ ಇಳಿದ ದಿನ ಚಿಕ್ಕ ಬೋರ್ಡಿನವರೆಲ್ಲ ದಡದಲ್ಲಿ ಕೂತಿರುವಾಗ ನೀರಿಗಿಳಿಯಲು ಅದೇ ಬೇಕು.